ನಾಯಿ ಕಚ್ಚಿದರೆ ಏನು ಮಾಡಬೇಕು? ಆಗ ಮೈಯೊಳಗೆ ಏನು ನಡೆಯುತ್ತದೆ?

ನಾಯಿ ಕಚ್ಚಿದ ಒಂದೇ ಗಾಯದ ಮೂಲಕ ಮೂರು ಬಗೆಯ ರೋಗಾಣುಗಳು ಮೈಗೆ ಸೇರಬಹುದು: ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ, ಮಣ್ಣು ದೂಳಿನಲ್ಲಿರುವ ಧನುರ್ವಾಯುವಿನ ಬೀಜಾಣು ಮತ್ತು ರೇಬಿಸ್ ವೈರಸ್. ಮೊದಲನೆಯದನ್ನು ಮೈ ಬಹುಮಟ್ಟಿಗೆ ತಾನೇ ಎದುರಿಸುತ್ತದೆ. ಎರಡನೆಯದಕ್ಕೆ ಮುಂಚೆಯೇ ಸಿದ್ಧವಾಗಿರಬೇಕು. ಮೂರನೆಯದು ಮಾತ್ರ ಮೈಗೆ ಸುಳಿವೇ ಕೊಡದೆ ಮಿದುಳಿನತ್ತ ಸಾಗುತ್ತದೆ. ರೇಬಿಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿದವರು ತೀರಾ ವಿರಳ. ಆದರೆ ಅದಕ್ಕೆ ಮುಂಚೆ ಸರಿಯಾಗಿ ಚಿಕಿತ್ಸೆ ಪಡೆದರೆ ಈ ಸಾವನ್ನು ತಪ್ಪಿಸಬಹುದು. ಚಿಕಿತ್ಸೆಯ ಒಂದೊಂದು ಹಂತವೂ ಯಾಕೆ ಬೇಕು ಎಂಬುದು ಗೊತ್ತಿದ್ದವರು ಅರ್ಧಕ್ಕೆ ಬಿಡುವುದಿಲ್ಲ ಎಂಬ ನಂಬಿಕೆ ನನ್ನದು.

ಮೊದಲು ನಲ್ಲಿಯ ಕೆಳಗೆ

ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿಗೆ ಹಿಡಿದು, ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಹೆಚ್ಚಿನವರು ಬಿಡುವುದು ಇದನ್ನೇ. ರೇಬಿಸ್ ವೈರಸ್ಸಿನ ಹೊರಕವಚದಲ್ಲಿ ಕೊಬ್ಬಿನಂಶವಿದೆ. ಸೋಪು ಅದನ್ನು ಕರಗಿಸಿಬಿಡುತ್ತದೆ, ಕವಚ ಹೋದ ವೈರಸ್ ಸೋಂಕು ಹರಡಲಾರದು. ನೀರು ಉಳಿದ ಕೊಳೆಯನ್ನೂ ಬೀಜಾಣುಗಳನ್ನೂ ಹೊರಹಾಕುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಎಂಬ ರೋಗಾಣುನಾಶಕ ಹಚ್ಚಬಹುದು.

ಖಾರದ ಪುಡಿ, ಸುಣ್ಣ, ಅರಿಸಿನ, ಕಾಫಿ ಪುಡಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಅವು ಗಾಯವನ್ನು ಕೆರಳಿಸುತ್ತವೆ, ತೊಳೆಯುವುದನ್ನೂ ತಡಮಾಡುತ್ತವೆ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಸಾಧ್ಯವಿದ್ದಷ್ಟೂ ವೈದ್ಯರು ಹೊಲಿಗೆಯನ್ನು ಕೂಡ ಮುಂದೂಡುತ್ತಾರೆ.

ಅಷ್ಟರಲ್ಲಿ ಮೈ ತನ್ನ ಕೆಲಸ ಶುರುಮಾಡಿರುತ್ತದೆ

ಚರ್ಮ ಹರಿದ ಸ್ವಲ್ಪ ಹೊತ್ತಿಗೆಲ್ಲ ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಗಾಯದಲ್ಲಿ ಜಮಾಯಿಸಿ ಬ್ಯಾಕ್ಟೀರಿಯಾಗಳನ್ನು ನುಂಗತೊಡಗುತ್ತವೆ. ಗಾಯ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದು ಈ ಹೋರಾಟದಿಂದ. ಕೀವಿನಲ್ಲಿ ಇರುವುದು ಬಹುಪಾಲು ಹೀಗೆ ಹೋರಾಡಿ ಸತ್ತ ಬಿಳಿ ರಕ್ತಕಣಗಳೇ. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟಿ ನೋಯುವುದನ್ನು ನೀವು ಗಮನಿಸಿರಬಹುದು. ಗಾಯದಿಂದ ರೋಗಾಣುವಿನ ತುಣುಕುಗಳು ಅಲ್ಲಿನ ದುಗ್ಧಗ್ರಂಥಿಗಳಿಗೆ ತಲುಪಿ, ಅವುಗಳನ್ನು ಗುರುತಿಸುವ ಟಿ ಮತ್ತು ಬಿ ಕೋಶಗಳೆಂಬ ಬಿಳಿ ರಕ್ತಕಣಗಳು ಹೆಚ್ಚತೊಡಗಿವೆ ಎಂಬುದರ ಗುರುತು ಅದು. ಇಷ್ಟಾದರೂ ಆಳವಾದ ಗಾಯ, ಕೈಗೆ ಆದ ಗಾಯಗಳಿಗೆ ವೈದ್ಯರು ಆಂಟಿಬಯಾಟಿಕ್ ಕೊಡಬೇಕಾಗಬಹುದು.

ಧನುರ್ವಾಯುವಿನ ಕಥೆ ಬೇರೆ. ಆ ಬ್ಯಾಕ್ಟೀರಿಯಾ ಗಾಯದಿಂದಾಚೆ ಹರಡುವುದಿಲ್ಲ, ಅಲ್ಲೇ ಕುಳಿತು ವಿಷ ಉತ್ಪಾದಿಸುತ್ತದೆ. ನರಗಳನ್ನು ಹಿಡಿಯುವುದು ಆ ವಿಷ. ಅದನ್ನು ತಡೆಯಲು ರಕ್ತದಲ್ಲಿ ಪ್ರತಿಕಾಯಗಳು (ರೋಗಾಣು ಅಥವಾ ಅದರ ವಿಷಕ್ಕೆ ಅಂಟಿಕೊಂಡು ತಡೆಯುವ ಪ್ರೋಟೀನುಗಳು) ಮೊದಲೇ ಇರಬೇಕು. ಕಾಯಿಲೆ ತರಲು ಸಾಕಾಗುವ ವಿಷದ ಪ್ರಮಾಣ ಎಷ್ಟು ಅಲ್ಪವೆಂದರೆ, ಅದನ್ನು ಗುರುತಿಟ್ಟುಕೊಳ್ಳಲು ಕೂಡ ನಮ್ಮ ಮೈಗೆ ಆಗುವುದಿಲ್ಲ. ಆದ್ದರಿಂದ ಒಮ್ಮೆ ಧನುರ್ವಾಯು ಬಂದು ವಾಸಿಯಾದವರಿಗೂ ಲಸಿಕೆ ಹಾಕಲೇಬೇಕು. ಹಿಂದಿನ ಲಸಿಕೆ ಯಾವಾಗ ಹಾಕಿಸಿಕೊಂಡಿರಿ ಎಂದು ಆಸ್ಪತ್ರೆಯಲ್ಲಿ ಕೇಳುವುದು ಇದಕ್ಕೇ.

ರೇಬಿಸ್ ಮೈಯನ್ನು ವಂಚಿಸುವ ಬಗೆ

ರೇಬಿಸ್ ವೈರಸ್ ಗಾಯದ ಬಳಿಯ ಸ್ನಾಯುವಿನಲ್ಲಿ ಸದ್ದಿಲ್ಲದೆ ಇರುತ್ತದೆ. ಊತವಿಲ್ಲ, ಜ್ವರವಿಲ್ಲ. ದುಗ್ಧಗ್ರಂಥಿಗೆ ಸುದ್ದಿ ಮುಟ್ಟುವಷ್ಟು ವೈರಸ್ ಅಲ್ಲಿ ಇರುವುದೂ ಇಲ್ಲ. ಆಮೇಲೆ ಅದು ನರದ ತುದಿಯನ್ನು ಹೊಕ್ಕು ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿನತ್ತ ಸಾಗುತ್ತದೆ. ನರದೊಳಗೆ ಸೇರಿದ ವೈರಸ್ ರಕ್ತದ ಪ್ರತಿಕಾಯಗಳಿಗೆ ಎಟುಕುವುದಿಲ್ಲ. ಸಾಮಾನ್ಯವಾಗಿ ಲಕ್ಷಣಗಳು ಕಾಣಿಸಲು 1ರಿಂದ 3 ತಿಂಗಳು ಬೇಕು. ಮುಖ, ತಲೆ, ಕುತ್ತಿಗೆಗೆ ಕಚ್ಚಿದ್ದರೆ ಬೇಗ ಕಾಣಿಸಬಹುದು, ಮಿದುಳಿಗೆ ದಾರಿ ಹತ್ತಿರ. ಮಕ್ಕಳು ಗಿಡ್ಡ ಇರುವುದರಿಂದ ನಾಯಿಯ ಬಾಯಿಗೆ ಅವರ ಮುಖವೇ ಸಿಗುವುದು ಹೆಚ್ಚು. ನಾಯಿ ಪರಚಿದ್ದನ್ನು ಮಗು ಬೈಗುಳಕ್ಕೆ ಹೆದರಿ ಬಚ್ಚಿಡದಂತೆ ದಯವಿಟ್ಟು ನೋಡಿಕೊಳ್ಳಿ.

ವೈರಸ್ಸಿನ ಈ ನಿಧಾನ ನಡಿಗೆಯೇ ನಮಗಿರುವ ಅವಕಾಶ. ಕಚ್ಚಿದ ಮೇಲೂ ಲಸಿಕೆ ಕೆಲಸ ಮಾಡುವುದು ಇದರಿಂದಲೇ. 1885ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿದ್ದು ನಾಯಿ ಕಚ್ಚಿದ ಮೇಲೆಯೇ.

ಆಸ್ಪತ್ರೆಯಲ್ಲಿ

ವೈದ್ಯರು ಗಾಯವನ್ನು ಮೂರು ದರ್ಜೆಯಲ್ಲಿ ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದಷ್ಟೇ ಆದರೆ ತೊಳೆದರೆ ಸಾಕು. ರಕ್ತ ಬಾರದ ಪರಚು ಗಾಯಕ್ಕೆ ಲಸಿಕೆ. ರಕ್ತ ಬಂದಿದ್ದರೆ, ಅಥವಾ ಜೊಲ್ಲು ಹಳೆಯ ಗಾಯಕ್ಕೋ ಕಣ್ಣು, ಬಾಯಿಗೋ ತಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೊಬ್ಯುಲಿನ್ ಕೂಡ ಬೇಕು.

ಈ ಎರಡನೆಯ ಇಂಜೆಕ್ಷನ್ ಯಾಕೆ? ಲಸಿಕೆ ತೋರಿಸಿದ ವೈರಸ್ಸನ್ನು ಗುರುತಿಸಿ ಪ್ರತಿಕಾಯ ತಯಾರಿಸಲು ಮೈಗೆ ಒಂದರಿಂದ ಎರಡು ವಾರ ಬೇಕು. ಆ ನಡುವೆ ಗಾಯದಲ್ಲಿರುವ ವೈರಸ್ ನರಕ್ಕೆ ನುಗ್ಗಿಬಿಟ್ಟರೆ? ಅದಕ್ಕೇ ಸಿದ್ಧ ಪ್ರತಿಕಾಯಗಳನ್ನು ನೇರವಾಗಿ ಗಾಯದೊಳಕ್ಕೆ, ಗಾಯದ ಸುತ್ತ ಚುಚ್ಚುತ್ತಾರೆ. ನೋವಾಗುತ್ತದೆ, ಆದರೂ ಬೇಡವೆನ್ನಬೇಡಿ. ಮೊದಲ ದಿನವೇ ಪಡೆಯುವುದು ಉತ್ತಮ. ಆ ದಿನ ಸಿಗದಿದ್ದರೆ ಮೊದಲ ಲಸಿಕೆಯ ನಂತರ 7 ದಿನದೊಳಗೆ ಪಡೆಯಬಹುದು. ಅಷ್ಟು ಹೊತ್ತಿಗೆ ಮೈಯ ಸ್ವಂತ ಪ್ರತಿಕಾಯಗಳು ಬರತೊಡಗುವುದರಿಂದ ಆಮೇಲೆ ಕೊಡುವುದಿಲ್ಲ.

ಲಸಿಕೆಯನ್ನು ಚರ್ಮದ ಪದರದೊಳಗೆ ಕೊಡುವುದಾದರೆ 0 (ಅಂದರೆ ಮೊದಲ ಲಸಿಕೆಯ ದಿನ), 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿಲಿಲೀಟರ್. ಚರ್ಮದಲ್ಲಿ ರೋಗಾಣುವನ್ನು ಹಿಡಿದು ದುಗ್ಧಗ್ರಂಥಿಗೆ ಒಯ್ಯುವ ಕೋಶಗಳು ಹೇರಳವಾಗಿರುವುದರಿಂದ ಅಷ್ಟು ಚಿಕ್ಕ ಪ್ರಮಾಣವೇ ಸಾಕು. ಸ್ನಾಯುವಿಗಾದರೆ 0, 3, 7, 14, 28ನೇ ದಿನ, ಐದು ಡೋಸ್. ದೊಡ್ಡವರಿಗೆ ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಗೆ. ಪೃಷ್ಠಕ್ಕೆ ಕೊಡಬಾರದು, ಅಲ್ಲಿನ ಕೊಬ್ಬಿನಲ್ಲಿ ಲಸಿಕೆಯ ಪರಿಣಾಮ ಕುಗ್ಗುತ್ತದೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಹಳೆಯ ಭಯ ಇನ್ನೂ ಹಲವರಲ್ಲಿದೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಮ್ಮಲ್ಲಿ ನಿಂತು ವರ್ಷಗಳೇ ಕಳೆದಿವೆ.

ಕಚ್ಚಿದ ನಾಯಿ ಕಣ್ಣಿಗೆ ಬೀಳುವಂತಿದ್ದರೆ 10 ದಿನ ಗಮನಿಸಿ. ಜೊಲ್ಲಿನಲ್ಲಿ ವೈರಸ್ ಇದ್ದ ನಾಯಿ ಅಷ್ಟರೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಆದರೆ ಹತ್ತು ದಿನ ಕಾದು ನೋಡಿ ಲಸಿಕೆ ಶುರುಮಾಡೋಣ ಎನ್ನಬೇಡಿ. ಲಸಿಕೆ ಇವತ್ತೇ ಶುರುವಾಗಲಿ. ಹತ್ತು ದಿನದ ನಂತರವೂ ನಾಯಿ ಆರೋಗ್ಯವಾಗಿದ್ದರೆ ಉಳಿದ ಡೋಸ್ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಬೆಕ್ಕು ಕಚ್ಚಿದರೂ ಇದೇ ಲೆಕ್ಕ. ಮಂಗ ಕಚ್ಚಿದರೆ ಹೀಗೆ ಗಮನಿಸಿ ತೀರ್ಮಾನಿಸುವಂತಿಲ್ಲ, ಪೂರ್ತಿ ಚಿಕಿತ್ಸೆ ಬೇಕು.

ಲಸಿಕೆಯ ಚೀಟಿಯನ್ನು ಜೋಪಾನವಾಗಿಡಿ. ಪೂರ್ತಿ ಡೋಸ್ ಪಡೆದವರ ಮೈಯಲ್ಲಿ ನೆನಪಿನ ಕೋಶಗಳು ವರ್ಷಗಟ್ಟಲೆ ಉಳಿಯುತ್ತವೆ. ಮುಂದೆ ಮತ್ತೆ ನಾಯಿ ಕಚ್ಚಿದರೆ ಅವು ಕೆಲವೇ ದಿನಗಳಲ್ಲಿ ಪ್ರತಿಕಾಯ ತಯಾರಿಸುತ್ತವೆ. ಆಗ ಗಾಯ ತೊಳೆದು 0 ಮತ್ತು 3ನೇ ದಿನದ ಲಸಿಕೆ ಪಡೆದರೆ ಸಾಕು, ಇಮ್ಯುನೊಗ್ಲೊಬ್ಯುಲಿನ್ ಬೇಕಾಗುವುದಿಲ್ಲ.