ಗ್ಲಾಕ್ 19: ಹಳೇ ಜೆನ್ 3, ಹೊಸ ಜೆನ್ 5 ಪಕ್ಕಪಕ್ಕ ಇಟ್ಟು ನೋಡೋದು ಹೇಗೆ?

ಅಮೆರಿಕದಲ್ಲಿ ಗನ್ ಅಂಗಡಿಗೆ ಹೋಗಿ ಸೊಂಟದಲ್ಲಿ ಇಟ್ಕೊಂಡು ಓಡಾಡೋಕೆ ಪಿಸ್ತೂಲ್ ತೋರ್ಸಿ ಅಂದ್ರೆ ಕೌಂಟರ್ ಮೇಲೆ ಬರೋದ್ರಲ್ಲಿ ಗ್ಲಾಕ್ 19 ಇದ್ದೇ ಇರತ್ತೆ. ಆಸ್ಟ್ರಿಯಾದ ಕಂಪನಿ ಇದನ್ನ ತಂದಿದ್ದು 1988ರಲ್ಲಿ. 9 ಎಂಎಂ, ಮ್ಯಾಗಜೀನಿಗೆ 15 ಗುಂಡು, 102 ಮಿ.ಮೀ. ಬ್ಯಾರೆಲ್, ಇಷ್ಟು ಅವತ್ತಿಂದ ಇವತ್ತಿನವರೆಗೆ ಹಾಗೇ ಇದೆ. ಕಂಪನಿ ಆಗಾಗ ಇದನ್ನ ಸುಧಾರಿಸಿ ಬಿಡೋ ಆವೃತ್ತಿಗೆ ಜೆನ್, ಅಂದ್ರೆ ಜೆನರೇಷನ್ ಅಂತಾರೆ. ಹಾಗಾದ್ರೆ ಸೆಕೆಂಡ್ ಹ್ಯಾಂಡ್ ಜೆನ್ 3 ಸಾಕಾ, 2017ರಲ್ಲಿ ಬಂದ ಜೆನ್ 5ಗೆ ಜಾಸ್ತಿ ದುಡ್ಡು ಕೊಡ್ಬೇಕಾ?

ಅದಕ್ಕೂ ಮುಂಚೆ ಒಂದು ಮಾತು. ಎಚ್1ಬಿ ವೀಸಾದಲ್ಲಿ ಇರೋರು, ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿ ಬಿಟ್ರೆ, ಅಲ್ಲಿ ಗನ್ ತಗೊಳ್ಳೋ ಹಾಗಿಲ್ಲ, ಗ್ರೀನ್ ಕಾರ್ಡ್ ಇದ್ರೆ ತಗೋಬಹುದು. ನಮ್ಮ ದೇಶದಲ್ಲಿ 9 ಎಂಎಂ ನಿಷೇಧಿತ ಬೋರ್, ಅಂದ್ರೆ ಸಾಮಾನ್ಯರಿಗೆ ಸಿಗದ ಗುಂಡಿನ ಅಳತೆ, ಊರಲ್ಲಿ ಇರೋರಿಗೆ ಈ ಪ್ರಶ್ನೇನೇ ಬರಲ್ಲ.

ಕೈಗೆ ತಗೊಂಡ ತಕ್ಷಣ ಮೂತಿನ ಯಾರೂ ಇಲ್ಲದ ಕಡೆ ತಿರುಗಿಸಿ, ಮ್ಯಾಗಜೀನ್ ತೆಗೀರಿ, ಸ್ಲೈಡ್ (ಮೇಲಿನ ಜಾರೋ ಭಾಗ) ಹಿಂದಕ್ಕೆ ಎಳೆದು ಚೇಂಬರ್ (ಗುಂಡು ಕೂರೋ ಜಾಗ) ಒಳಗೆ ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಅಂಗಡಿಯವನು ಈಗಷ್ಟೇ ನೋಡಿ ಕೊಟ್ಟಿದ್ರೂ ನೀವು ಮತ್ತೆ ನೋಡ್ಲೇಬೇಕು. ಯಾಕಂದ್ರೆ ಗ್ಲಾಕ್ ಬಿಚ್ಚೋಕೆ ಮುಂಚೆ ಟ್ರಿಗರ್ ಒತ್ತಲೇಬೇಕು, ಅದು ಎಲ್ಲಾ ಜೆನರೇಷನ್ನಲ್ಲೂ ಹಾಗೇ, ಒಳಗೆ ಒಂದು ಗುಂಡು ಮರೆತು ಉಳಿದಿದ್ರೆ ಹಾರೋದು ಆಗಲೇ.

ಯಾವುದು ಯಾವ ಜೆನ್ ಅಂತ ಗುರುತು ಹಿಡಿಯೋದು ಸುಲಭ. ಸ್ಲೈಡ್ ಮೇಲೆ ಜೆನ್ 4, ಜೆನ್ 5 ಅಂತ ಬರೆದೇ ಇರತ್ತೆ, ಜೆನ್ 3 ಮೇಲೆ ಹಾಗೆ ಬರೆದಿರಲ್ಲ, ಆದ್ರೆ ಹಿಡಿ ಮುಂದೆ ಬೆರಳು ಕೂರೋಕೆ ಗುಳಿ ಇರತ್ತೆ.

ನನ್ನ ಪ್ರಕಾರ ಅರ್ಧ ತೀರ್ಮಾನ ಆ ಗುಳಿಯಲ್ಲೇ ಇದೆ. ಜೆನ್ 3 ಗಟ್ಟಿಯಾಗಿ ಹಿಡಿದ್ರೆ ಗುಳಿಗಳ ನಡುವಿನ ದಿಬ್ಬ ಸರಿಯಾಗಿ ನನ್ನ ಉಂಗುರದ ಬೆರಳಿನ ಗೆಣ್ಣಿನ ಮೇಲೆ ಬರತ್ತೆ, ಐವತ್ತು ಗುಂಡು ಹೊಡೆಯೋಷ್ಟರಲ್ಲಿ ಅಲ್ಲಿ ಕೆಂಪಗೆ ಗೆರೆ ಬಿದ್ದಿರತ್ತೆ. ನನ್ನ ಹೆಂಡತಿ ಬೆರಳು ಸಣ್ಣ, ಅವಳಿಗೆ ಅದೇ ಗುಳಿ ಅಚ್ಚು ಹೊಯ್ದ ಹಾಗೆ ಕೂರತ್ತೆ. ಜೆನ್ 5ನಲ್ಲಿ ಗುಳಿ ತೆಗೆದುಬಿಟ್ಟಿದ್ದಾರೆ, ಹಿಡಿಯ ಹಿಂಭಾಗಕ್ಕೆ ಹಾಕೋ ಪಟ್ಟಿನೂ ಕೈಗೆ ತಕ್ಕ ಹಾಗೆ ಬದಲಾಯಿಸಬಹುದು. ಪಟ್ಟಿ ಹಾಕದೆ ಹಿಡಿದ್ರೆ ಜೆನ್ 3ಗಿಂತ ಸ್ವಲ್ಪ ಚಿಕ್ಕದೇ ಆಗತ್ತೆ. ಸುಮ್ನೆ ಎತ್ತಿ ನೋಡಿ ಇಟ್ಟುಬಿಡ್ಬೇಡಿ, ಎರಡೂ ಕೈಯಲ್ಲಿ ಹಿಡಿದು ಒಂದು ನಿಮಿಷ ಹಾಗೇ ನಿಂತ್ಕೊಳ್ಳಿ.

ಎಡಗೈಯವರಾ? ಹಾಗಾದ್ರೆ ಯೋಚ್ನೆ ಬೇಡ, ಜೆನ್ 5 ತಗೊಳ್ಳಿ. ಸ್ಲೈಡನ್ನ ಹಿಂದೆ ತಡೆದು ನಿಲ್ಲಿಸೋ ಸ್ಲೈಡ್ ಸ್ಟಾಪ್ ಎರಡೂ ಕಡೆ ಇದೆ, ಮ್ಯಾಗಜೀನ್ ಬಿಡಿಸೋ ಬಟನ್ ಬಲಕ್ಕೆ ಹಾಕ್ಕೋಬಹುದು, ಆದ್ರೆ ಆಗ ಹಳೇ ಮ್ಯಾಗಜೀನ್ ಕೂರಲ್ಲ, ಅದಕ್ಕೆ ಒಂದೇ ಕಡೆ ಕಚ್ಚು ಇರೋದು. ಬಟನ್ ಎಡಕ್ಕೇ ಇದ್ರೆ ಎರಡೂ ಜೆನ್ ಮ್ಯಾಗಜೀನ್ ಅದಲು ಬದಲು ನಡೆಯತ್ತೆ.

ಆಮೇಲೆ ಬಿಚ್ಚಿಸಿ ನೋಡಿ. ಸ್ಲೈಡ್ ಮುಂದಕ್ಕೆ ತಳ್ಳೋ ಸ್ಪ್ರಿಂಗ್ ಜೆನ್ 3ನಲ್ಲಿ ಒಂದೇ, ಜೆನ್ 5ನಲ್ಲಿ ಒಂದರೊಳಗೊಂದು ಎರಡು. ಬ್ಯಾರೆಲ್ ಕೂಡ ಬೇರೆ ಥರ, ಒಳಗಿನ ತಿರುವು ಗೆರೆ ಬದಲಾಗಿದೆ. ಆದ್ರೆ ಬಚ್ಚಿಟ್ಕೊಂಡು ಒಯ್ಯೋ ಪಿಸ್ತೂಲಲ್ಲಿ ಏಳು ಗಜ ದೂರಕ್ಕೆ ಹೊಡೆಯುವಾಗ ಅದರ ವ್ಯತ್ಯಾಸ ನನ್ನ ಕೈಗಂತೂ ಗೊತ್ತಾಗಿಲ್ಲ, ಟ್ರಿಗರ್ ಮಾತ್ರ ಜೆನ್ 5ದು ನುಣುಪು. ಶೂಟಿಂಗ್ ರೇಂಜಲ್ಲಿ ಎರಡೂ ಬಾಡಿಗೆಗೆ ಸಿಕ್ರೆ ಒಂದೊಂದು ಡಬ್ಬಿ ಗುಂಡು ಹೊಡೆದು ನೋಡೋದೇ ಸರಿ.

ಗುಳಿ ನಿಮ್ಮ ಬೆರಳಿಗೆ ಕೂತ್ರೆ ಜೆನ್ 3 ತಗೊಂಡು ಉಳಿದ ದುಡ್ಡಲ್ಲಿ ಪ್ರಾಕ್ಟೀಸ್ ಗುಂಡು, ಒಳ್ಳೇ ಹೋಲ್ಸ್ಟರ್, ಮನೇಲಿ ಮಕ್ಕಳಿದ್ರೆ ಬೀಗದ ಡಬ್ಬಿ ತಗೊಳ್ಳಿ. ಕೂರಲಿಲ್ಲ ಅಂದ್ರೆ ಅಗ್ಗ ಅಂತ ಒಪ್ಕೋಬೇಡಿ, ನೋಯೋ ಪಿಸ್ತೂಲ್ ತಗೊಂಡು ಯಾರೂ ಪ್ರಾಕ್ಟೀಸಿಗೆ ಹೋಗಲ್ಲ.

ಸೆಕೆಂಡ್ ಹ್ಯಾಂಡ್ ಆದ್ರೆ ಇನ್ನೊಂದು ಪರೀಕ್ಷೆ ಇದೆ. ಖಾಲಿ ಅಂತ ಮತ್ತೆ ನೋಡ್ಕೊಂಡು, ಸುರಕ್ಷಿತ ದಿಕ್ಕಲ್ಲಿ ಮೂತಿ ಓರೆಯಾಗಿ ಮೇಲೆ ಮಾಡಿ, ಟ್ರಿಗರ್ ಒತ್ತಿ ಹಿಡಿದುಕೊಂಡೇ ಸ್ಲೈಡ್ ಪೂರ್ತಿ ಎಳೆದು ನಿಧಾನಕ್ಕೆ ಬಿಡಿ. ಪೂರ್ತಿ ಮುಂದೆ ಹೋಗಿ ಕೂರದೆ ನಡುವೆ ನಿಂತ್ರೆ ಸ್ಪ್ರಿಂಗ್ ಸೋತಿದೆ ಅಂತ. ಹೊಸ ಸ್ಪ್ರಿಂಗ್ ಹಾಕಿಸಿಕೊಡಿ, ಇಲ್ಲಾ ಅದರ ದುಡ್ಡು ಬೆಲೆಯಲ್ಲಿ ಇಳಿಸಿ ಅಂತ ಅಲ್ಲೇ ಕೇಳಿ.