ಸೋಮವಾರದ ಖಾಲಿ ಕೋಣೆಗೆ ವಿದೇಶಿ ಅತಿಥಿ: ಕೊಡಗಿನಲ್ಲಿ ನನ್ನ ಅನುಭವ

ಕೊಡಗಿನ ಹೋಂಸ್ಟೇಗಳಿಗೆ ಶುಕ್ರವಾರ ರಾತ್ರಿ ಬೆಂಗಳೂರಿನ ಕಾರುಗಳು ಬರುತ್ತವೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಡುತ್ತವೆ. ಸೋಮವಾರದಿಂದ ಗುರುವಾರದವರೆಗೆ ಕೋಣೆ ಖಾಲಿ, ಕೆಲಸದವರ ಸಂಬಳ ಮಾತ್ರ ನಿಲ್ಲುವುದಿಲ್ಲ. ನಾನು ವಿದೇಶಿ ಅತಿಥಿಗಳ ಬೆನ್ನು ಹತ್ತಿದ್ದು ಡಾಲರ್ ಆಸೆಗಲ್ಲ, ಈ ನಾಲ್ಕು ದಿನಗಳಿಗಾಗಿ. ಎರಡು-ಮೂರು ವಾರ ರಜೆ ಹಾಕಿ ಯುರೋಪಿನಿಂದ ಬರುವವರಿಗೆ ಮಂಗಳವಾರವೂ ಒಂದೇ, ಶನಿವಾರವೂ ಒಂದೇ.

ನಾನು ಮೊದಲು ಮೈಸೂರಿನ ಒಂದು ಟ್ರಾವೆಲ್ ಕಂಪನಿಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಊರಿಗೆ ವಾಪಸ್ ಬಂದ ಮೇಲೆ ವಿರಾಜಪೇಟೆ, ಕಕ್ಕಬ್ಬೆ, ನಾಪೋಕ್ಲು ಕಡೆಯ ಕೆಲವು ಮನೆಯವರನ್ನು ಒಟ್ಟು ಸೇರಿಸಿ ಟೂರ್ ಆಪರೇಟರ್‌ಗಳ ಜೊತೆ ಕೆಲಸ ಶುರು ಮಾಡಿದೆ. ಎಲ್ಲರಿಗೂ ಇದ್ದ ಕಲ್ಪನೆ ಒಂದೇ: ಜರ್ಮನಿಯ ಕಂಪನಿಗೆ ಒಳ್ಳೆ ಫೋಟೋ ಕಳಿಸಿದರೆ ಜನ ಬರುತ್ತಾರೆ. ಹಾಗಾಗುವುದಿಲ್ಲ. ನಾಲ್ಕು ಕೋಣೆಯ ಮನೆಯ ಜೊತೆ ಜರ್ಮನಿಯ ಕಂಪನಿ ನೇರ ಕರಾರು ಮಾಡಿಕೊಳ್ಳುವುದು ಅಪರೂಪ. ಅವರಿಗೆ ದೆಹಲಿ, ಕೊಚ್ಚಿ, ಬೆಂಗಳೂರಿನಲ್ಲಿ ಒಬ್ಬ ಆಪರೇಟರ್ ಇರುತ್ತಾರೆ. ವಾಹನ, ಗೈಡ್, ಕೋಣೆ ಎಲ್ಲವನ್ನೂ ಜೋಡಿಸುವವರು ಅವರೇ. ನಾವು ಒಪ್ಪಿಸಬೇಕಾದ್ದು ಆ ಆಫೀಸಿನಲ್ಲಿ ಪ್ರವಾಸದ ಪಟ್ಟಿ ತಯಾರು ಮಾಡುವ ಹುಡುಗ ಅಥವಾ ಹುಡುಗಿಯನ್ನು. ಪ್ರವಾಸ ಕಂಪನಿಗಳು ಸೇರುವ ದೊಡ್ಡ ಮೇಳಗಳಲ್ಲಿ ಬರ್ಲಿನ್‌ನ ಐಟಿಬಿ ಮಾರ್ಚ್‌ನಲ್ಲಿ, ಲಂಡನ್‌ನ ಡಬ್ಲ್ಯುಟಿಎಂ ನವೆಂಬರ್‌ನಲ್ಲಿ. ನಾವು ಸಾಲ ಮಾಡಿ ಅಲ್ಲಿಗೆ ಹೋಗಬೇಕಿಲ್ಲ. ಆಪರೇಟರ್ ಹೋಗುತ್ತಾರೆ. ಅದಕ್ಕೆ ಮೊದಲೇ ನಮ್ಮ ಮನೆಗಳ ವಿವರದ ಒಂದು ಪುಟ ಅವರ ಕೈಯಲ್ಲಿದ್ದರೆ ಸಾಕು.

ಆ ಪುಟದಲ್ಲಿ ಏನಿರಬೇಕು? ನಮ್ಮವರು ಮೊದಲು ಬರೆಯುವುದು 'ಭಾರತದ ಸ್ಕಾಟ್ಲೆಂಡ್'. ಅಲ್ಲಾ, ಬ್ರಿಟನ್ನಿನವನು ಸ್ಕಾಟ್ಲೆಂಡ್ ನೋಡಲು ಇಷ್ಟು ದೂರ ಯಾಕೆ ಬರಬೇಕು? ಅದನ್ನು ತೆಗೆಸಿದೆ. ಎರಡನೆಯದು ಜುಲೈನಲ್ಲಿ ತೆಗೆದ ಅಬ್ಬಿ ಜಲಪಾತದ ಫೋಟೋ. ಈ ಅತಿಥಿಗಳು ಬರುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಫೆಬ್ರವರಿಯಲ್ಲಿ ಬಂದವರಿಗೆ ಸಣ್ಣ ನೀರು ಕಂಡರೆ ದೂರು ಆಪರೇಟರ್‌ಗೆ ಹೋಗುತ್ತದೆ, ಅಲ್ಲಿಂದ ನಮಗೆ ಬರುತ್ತದೆ. ಅದರ ಬದಲು ತಿಂಗಳ ಲೆಕ್ಕದಲ್ಲಿ ಬರೆದೆವು. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ, ಕಣದಲ್ಲಿ ಒಣಗುವ ಕಾಫಿ, ಕರಿಮೆಣಸು. ಕಾಫಿ ಹೂ ಬಗ್ಗೆ ಮಾತ್ರ ಮಾತು ಕೊಡಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮಳೆ ಯಾವತ್ತು ಬರುತ್ತದೆ ಅಂತ ಒಂದು ವರ್ಷ ಮೊದಲೇ ಯಾರು ಹೇಳಬಲ್ಲರು? ನಮ್ಮ ಸುಗ್ಗಿ ಹಬ್ಬ ಪುತ್ತರಿಯದ್ದೂ ಅದೇ ಕಥೆ. ಹುಣ್ಣಿಮೆ ಲೆಕ್ಕದಲ್ಲಿ ಅಂದಾಜು ಹೇಳಬಹುದು, ಆದರೆ ದಿನ, ಗಳಿಗೆ ಗೊತ್ತುಮಾಡುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ, ಹಬ್ಬ ಹತ್ತಿರ ಬಂದಾಗ. ಹಾಗಾಗಿ ಅದನ್ನು ಪಟ್ಟಿಯಲ್ಲಿ ಸೇರಿಸದೆ 'ಅದೃಷ್ಟ ಇದ್ದರೆ ಸಿಗುತ್ತದೆ' ಅಂತ ಬರೆದೆವು.

ಇನ್ನೊಂದು ಸತ್ಯ ನಮ್ಮವರಿಗೆ ಸ್ವಲ್ಪ ಕಹಿ. ಕೊಡಗು ಒಂದನ್ನೇ ನೋಡಲು ವಿಮಾನ ಹತ್ತುವವರು ತೀರಾ ಕಡಿಮೆ. ಬೆಂಗಳೂರು, ಮೈಸೂರು, ಕಬಿನಿ, ಆಮೇಲೆ ವಯನಾಡು, ಕೊಚ್ಚಿ: ದಾರಿ ಹೀಗೆ ಸಾಗುತ್ತದೆ. ಇದರ ನಡುವೆ ಎರಡು ರಾತ್ರಿ ನಮ್ಮದಾಗಬೇಕು, ಅಷ್ಟೇ. ಅದಕ್ಕೇ ಪುಟದ ಅರ್ಧಭಾಗ ರಸ್ತೆಗೆ ಕೊಟ್ಟೆ. ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿ.ಮೀ. ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ಶುರುವಾಯಿತು, ವಿರಾಜಪೇಟೆಗೆ ಅದೇ ಹತ್ತಿರ. ನಾಗರಹೊಳೆ ಕಾಡಿನೊಳಗಿಂದ ಕುಟ್ಟಕ್ಕೆ ಬರುವ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಂದ್. ದೆಹಲಿಯಲ್ಲಿ ಕೂತವರಿಗೆ ಇದು ಗೊತ್ತಿರುವುದಿಲ್ಲ. ಮ್ಯಾಪ್ ನೋಡಿ ಸಂಜೆ ಸಫಾರಿ ಮುಗಿಸಿ ಹೊರಟರೆ ಆಯಿತು ಅಂದುಕೊಳ್ಳುತ್ತಾರೆ. ಬೈಲುಕುಪ್ಪೆಯೂ ಹಾಗೇ. ಹಗಲು ಚಿನ್ನದ ದೇವಾಲಯ ನೋಡಿ ಬರಬಹುದು. ಟಿಬೆಟನ್ ಕ್ಯಾಂಪಿನಲ್ಲಿ ರಾತ್ರಿ ತಂಗಬೇಕಾದರೆ ವಿದೇಶಿಯರಿಗೆ ಕೇಂದ್ರ ಸರ್ಕಾರದ ವಿಶೇಷ ಪರ್ಮಿಟ್ ಬೇಕು. ಇಂಥ ಎರಡು ವಿಷಯ ನಾವೇ ಮೊದಲು ತಿಳಿಸಿದರೆ ಆಪರೇಟರ್‌ಗೆ ನಮ್ಮ ಮೇಲೆ ನಂಬಿಕೆ ಬರುತ್ತದೆ. ಕೋಣೆಯ ಫೋಟೋ ನೋಡಿ ಬರುವ ನಂಬಿಕೆಗಿಂತ ಅದು ಗಟ್ಟಿ.

ಜಾಸ್ತಿ ಜಗಳ ಆಗಿದ್ದು ಕಮಿಷನ್ ವಿಷಯಕ್ಕೆ. 'ಅವರು ಕಂಪ್ಯೂಟರ್ ಮುಂದೆ ಕೂತು ಒಂದು ಮೇಲ್ ಹಾಕ್ತಾರೆ. ಅದಕ್ಕೆ ನೂರಕ್ಕೆ ಇಪ್ಪತ್ತು ನಾವ್ಯಾಕೆ ಕೊಡ್ಬೇಕು?' ಅಂತ ನಾಪೋಕ್ಲು ಕಡೆಯ ಆಂಟಿಯೊಬ್ಬರು ಮೀಟಿಂಗ್‌ನಲ್ಲೇ ಎದ್ದು ಕೇಳಿದರು. ನಾನು ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. 'ಆಂಟಿ, ನಿಮ್ಮ ಕೋಣೆ 5,000 ರೂಪಾಯಿ ಅಂತಿಟ್ಟುಕೊಳ್ಳಿ. ನೂರಕ್ಕೆ 20 ಬಿಟ್ಟರೆ ಕೈಗೆ 4,000. ತಿಂಡಿ, ಬಟ್ಟೆ ಒಗೆಯೋದು, ಬಿಸಿನೀರು ಎಲ್ಲ ಸೇರಿ 1,200 ಖರ್ಚಾದರೂ 2,800 ಉಳೀತು. ಈಗ ಬುಧವಾರ ನಿಮಗೆ ಎಷ್ಟು ಉಳೀತಿದೆ?' ಆಂಟಿ ನಕ್ಕರು, ಒಪ್ಪಲಿಲ್ಲ. ಒಪ್ಪಿದ್ದು ಬುಕಿಂಗ್ ಆ್ಯಪ್‌ಗಳೂ ಕಮಿಷನ್ ಹಿಡಿದೇ ಹಣ ಹಾಕುತ್ತವೆ ಅನ್ನುವುದನ್ನು ಅವರದೇ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತೋರಿಸಿದ ಮೇಲೆ.

ಕೊನೆಗೆ ನಿಂತ ಕರಾರು ಹೀಗಿದೆ. ಆಪರೇಟರ್ ದರ ಭಾನುವಾರ ರಾತ್ರಿಯಿಂದ ಗುರುವಾರ ರಾತ್ರಿವರೆಗೆ. ಡಿಸೆಂಬರ್ ಕೊನೆಯ ವಾರಕ್ಕೆ ಬೇರೆ ದರ. ಅಕ್ಟೋಬರ್‌ನಿಂದ ಶುರುವಾಗುವ ಸೀಸನ್ನಿನ ದರವನ್ನು ಬಹಳ ತಿಂಗಳು ಮೊದಲೇ ಬರೆದು ಕೊಡುತ್ತೇವೆ, ಆಮೇಲೆ ಏರಿಸುವುದಿಲ್ಲ. ನಮ್ಮವರಿಗೆ ಇದೇ ಕಷ್ಟ. ಮೆಣಸಿನ ರೇಟ್ ಹಾಗೆ ಕೋಣೆಯ ರೇಟೂ ದಿನಾ ಬದಲಾಗಬೇಕು ಅನ್ನಿಸುತ್ತದೆ. ಆದರೆ ವಿದೇಶದಲ್ಲಿ ಅಷ್ಟರಲ್ಲಿ ಪ್ಯಾಕೇಜ್ ಬೆಲೆ ಅಚ್ಚಾಗಿ ಮಾರಾಟವಾಗಿರುತ್ತದೆ. ಇನ್ನೊಂದು ಕಟ್ಟುನಿಟ್ಟು: ಆಪರೇಟರ್‌ಗೆ ಕೊಟ್ಟ ದರಕ್ಕಿಂತ ಕಡಿಮೆಗೆ ಆ್ಯಪ್‌ನಲ್ಲಿ ಹಾಕಬಾರದು. ಅತಿಥಿ ಫೋನಿನಲ್ಲಿ ಅದನ್ನು ನೋಡಿದ ದಿನವೇ ಸಂಬಂಧ ಮುರಿಯುತ್ತದೆ. ಹೊಸ ಆಪರೇಟರ್ ಆದರೆ ಅತಿಥಿ ಬರುವ ಮೊದಲೇ ಪೂರ್ತಿ ಹಣ. ಒಂದು ಕಂಪನಿ ತಿಂಗಳುಗಟ್ಟಲೆ ಸತಾಯಿಸಿತು, ಅವತ್ತಿನಿಂದ ಈ ನಿಯಮ.

ಆಪರೇಟರ್‌ಗಳಿಂದ ಸುರಕ್ಷತೆಯ ಪ್ರಶ್ನೆಪತ್ರಿಕೆ ಬಂದಾಗ ಎಲ್ಲರೂ ಗೊಣಗಿದರು. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಗೀಸರ್ ಗ್ಯಾಸಿನದ್ದಾ, ಬಾಲ್ಕನಿ ಕಂಬಿ ಎಷ್ಟು ಎತ್ತರ, ಆಸ್ಪತ್ರೆ ಎಷ್ಟು ದೂರ? ಇದು ಸುಮ್ನೆ ಕಿರಿಕಿರಿ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲೂ ಬ್ರಿಟನ್ನಿನಲ್ಲೂ 2018ರ ಜುಲೈಯಿಂದ ಹೊಸ ಪ್ಯಾಕೇಜ್ ಪ್ರವಾಸ ನಿಯಮ ಇದೆ. ಪ್ಯಾಕೇಜ್‌ನಲ್ಲಿ ಸೇರಿದ ಪ್ರತಿಯೊಂದಕ್ಕೂ ಪ್ಯಾಕೇಜ್ ಕಟ್ಟಿದ ಕಂಪನಿಯೇ ಹೊಣೆ. ನಮ್ಮ ಮೆಟ್ಟಿಲಲ್ಲಿ ಯಾರೋ ಜಾರಿದರೆ ಅಲ್ಲಿ ಆ ಕಂಪನಿಯವರು ಕೋರ್ಟಿಗೆ ಹೋಗಬೇಕಾಗಬಹುದು. ಹಾಗಾಗಿ ಎಲ್ಲ ಮನೆಗೂ ಅತಿಥಿಗಳಿಗೆ ಪೆಟ್ಟಾದರೆ ಹಣ ಕೊಡುವ ವಿಮೆ ಮಾಡಿಸಿದೆವು. ಆನೆಯ ಬಗ್ಗೆ ನಾವೇ ಒಂದು ಸಾಲು ಸೇರಿಸಿದೆವು: ಮುಂಜಾನೆ, ಸಂಜೆ ಮನೆಯವರು ಜೊತೆಗಿಲ್ಲದೆ ತೋಟಕ್ಕೆ ಇಳಿಯಬಾರದು. ಸಿದ್ದಾಪುರ ಕಡೆಯವರಿಗೆ ಇದನ್ನು ಯಾಕೆ ಅಂತ ವಿವರಿಸಬೇಕಿಲ್ಲ.

ಕಾಗದಪತ್ರದಲ್ಲಿ ಮರೆಯಲೇಬಾರದ್ದು ಸಿ ಫಾರಂ. ನಾವು ಈಗಲೂ ಅದನ್ನು ಹಾಗೇ ಕರೆಯುತ್ತೇವೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ತುಂಬಬೇಕು. ಮಳೆ ಬಂದರೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ಅದಕ್ಕೇ ಪಾಸ್‌ಪೋರ್ಟ್, ವೀಸಾ ಪ್ರತಿಯನ್ನು ಆಪರೇಟರ್‌ನಿಂದ ಮೊದಲೇ ತರಿಸಿಕೊಳ್ಳುತ್ತೇವೆ.

ಯಾರೂ ಹೇಳಿಕೊಡದ ಗುಟ್ಟೊಂದಿದೆ, ಡ್ರೈವರ್. ಬೆಂಗಳೂರಿನಿಂದ ಕೊಚ್ಚಿವರೆಗೆ ಅತಿಥಿಯ ಜೊತೆ ಇರುವುದು ಅವರೊಬ್ಬರೇ. ಅವರಿಗೆ ಒಳ್ಳೆ ಹಾಸಿಗೆ, ಬಿಸಿನೀರು, ಹೊಟ್ಟೆ ತುಂಬ ಊಟ ಕೊಟ್ಟ ಮನೆಗೆ ಮತ್ತೆ ಮತ್ತೆ ಬುಕಿಂಗ್ ಬಂದಿದೆ. ಕಾರಿನಲ್ಲೇ ಮಲಗಿಸಿದ ಮನೆಯ ಬಗ್ಗೆ ಆಫೀಸಿಗೆ ಏನು ವರದಿ ಹೋಗುತ್ತದೆ ಅಂತ ನೀವೇ ಊಹಿಸಿ. ನಾನು ಮೈಸೂರಿನಲ್ಲಿ ಆ ಫೋನ್‌ಗಳನ್ನು ಎತ್ತುತ್ತಿದ್ದವನೇ ಅಲ್ವಾ.

ಊಟದ ಬಗ್ಗೆ ನಮಗೆ ಭಯ ಇತ್ತು, ಅದೇ ನಮ್ಮ ಬಲವಾಯಿತು. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಎಲ್ಲ ಅಕ್ಕಿಯವೇ. ಗೋಧಿಯ ಗ್ಲುಟೆನ್ ಆಗದವರು ವಿದೇಶಿಯರಲ್ಲಿ ಬಹಳ ಜನ ಸಿಗುತ್ತಾರೆ. ಅದನ್ನು ಪುಟದಲ್ಲಿ ಬರೆದ ಮೇಲೆ ಅದನ್ನೇ ಕೇಳಿಕೊಂಡು ಬುಕಿಂಗ್ ಬರತೊಡಗಿತು. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಖಾರ ಕಡಿಮೆ ಹಾಕಿ, ನಮ್ಮ ಕಪ್ಪು ಹುಳಿ ಕಾಚಂಪುಳಿ ಮಾತ್ರ ಕಡಿಮೆ ಮಾಡಬೇಡಿ ಅಂತ ಹೇಳಿದ್ದೆ. ಆ ಮಾತು ಉಳಿದಿದೆ.

2018ರ ಆಗಸ್ಟ್ ಭೂಕುಸಿತದ ನಂತರ ಆಪರೇಟರ್‌ಗಳು ಕೊಡಗನ್ನೇ ಪಟ್ಟಿಯಿಂದ ಕೈಬಿಟ್ಟರು. ಟಿವಿಯಲ್ಲಿ ಇಡೀ ಜಿಲ್ಲೆ ಕೊಚ್ಚಿಹೋದ ಹಾಗೆ ಕಾಣುತ್ತಿತ್ತು. 'ಎಲ್ಲ ಸರಿಯಾಗಿದೆ, ಬನ್ನಿ' ಅಂತ ಬರೆಯಲು ಕೆಲವರು ಒತ್ತಾಯ ಮಾಡಿದರು, ನಾನು ಬರೆಯಲಿಲ್ಲ. ಸಂಪಾಜೆ ರಸ್ತೆ ಮುಚ್ಚಿದ್ದನ್ನೂ ಸೇರಿಸಿ, ಯಾವ ದಾರಿ ತೆರೆದಿದೆ, ಯಾವುದು ಇಲ್ಲ, ಯಾವ ಮನೆಗೆ ಏನೂ ಆಗಿಲ್ಲ ಅಂತ ವಾರಕ್ಕೊಮ್ಮೆ ತಾರೀಖು ಹಾಕಿದ ಫೋಟೋ ಕಳಿಸಿದೆ. ಮೊದಲು ವಾಪಸ್ ಬಂದವರು ಆ ವರದಿ ಓದುತ್ತಿದ್ದ ಆಪರೇಟರ್‌ಗಳೇ.

ಎಲ್ಲರ ಮನೆಯೂ ಇದಕ್ಕೆ ಹೊಂದುವುದಿಲ್ಲ. ಶನಿವಾರ ಕ್ಯಾಂಪ್‌ಫೈರ್, ಡಿಜೆ ಇಟ್ಟುಕೊಂಡೇ ದುಡಿಯುವ ಮನೆಗೆ ಅದೇ ಸರಿ. ನಾಪೋಕ್ಲಿನ ಆ ಆಂಟಿಗೂ ಅಪರಿಚಿತರು ರಾತ್ರಿ ಮನೆಯಲ್ಲಿರುವುದು ಕಡೆಗೂ ಒಗ್ಗಲಿಲ್ಲ. ಅವರು ಈಗ ಕೋಣೆ ಕೊಡುವುದನ್ನು ನಿಲ್ಲಿಸಿ, ದಾರಿಯಲ್ಲಿ ಹೋಗುವ ಆಪರೇಟರ್ ಕಾರುಗಳಿಗೆ ಮಧ್ಯಾಹ್ನದ ಊಟ ಮತ್ತು ಒಂದು ಗಂಟೆಯ ತೋಟದ ಸುತ್ತಾಟ ಮಾತ್ರ ಇಟ್ಟುಕೊಂಡಿದ್ದಾರೆ. ಹಿಂದಿನ ದಿನ ಸಂಜೆಯೊಳಗೆ ತಲೆ ಎಣಿಸಿ ಹೇಳಬೇಕು, ಡ್ರೈವರ್ ಊಟ ಫ್ರೀ. ಆಪರೇಟರ್ ಕಮಿಷನ್ ಎಷ್ಟು ಅಂತ ಕೇಳಿದರೆ ಆಂಟಿ ಈಗಲೂ ಹತ್ತರ ಮೇಲೆ ಏರುವುದಿಲ್ಲ.