ಗೋಳಗುಮ್ಮಟದ ಗೈಡ್ ಕೆಲಸಕ್ಕೆ ಇಂಗ್ಲಿಷ್ ಉಚ್ಚಾರ ಕಲಿತದ್ದು

ವಿಜಯಪುರದಲ್ಲಿ ಗೈಡ್ ಕೆಲಸ ಮಾಡುವವರಿಗೆ ಇಂಗ್ಲಿಷ್ ಬಂದೇ ಬರುತ್ತದೆ. ಆದರೆ ಹೊರದೇಶದವರಿಗೆ ಒಂದೇ ಸಲಕ್ಕೆ ತಿಳಿಯುವ ಹಾಗೆ ಮಾತಾಡುವುದನ್ನು ಬೇರೆಯಾಗಿಯೇ ಕಲಿಯಬೇಕು. ನಾನು ಇಡೀ ಭಾಷೆಗೆ ಕೈ ಹಾಕಲಿಲ್ಲ. ಗೋಳಗುಮ್ಮಟದ ಮುಂದೆ ನಿಂತು ದಿನಾ ಆಡುವ ಮಾತುಗಳನ್ನಷ್ಟೇ ಹಿಡಿದುಕೊಂಡೆ.

ಮೊದಲು ಗೋರಿ ಮತ್ತು ಗುಮ್ಮಟ. ಗುಮ್ಮಟ 'ಡೋಮ್', ಗೋರಿ 'ಟೂಮ್'. ಗೋರಿಯ ಪದಕ್ಕೆ ಬರೆಯುವಾಗ ಕೊನೆಯಲ್ಲಿ 'ಬಿ' ಇರುತ್ತದೆ, ಬಾಯಲ್ಲಿ ಬರಬಾರದು. ಇದು ಬೇಗ ಕೈಗೆ ಬಂತು.

ಜಾಸ್ತಿ ದುಡಿಸಿದ್ದು ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ, ಅಲ್ವಾ? ಇಂಗ್ಲಿಷಿನಲ್ಲಿ ಒಂದು ಕಡೆ ಒತ್ತಿ, ಉಳಿದದ್ದನ್ನು ಸಡಿಲ ಬಿಡಬೇಕು. 'ಆರ್ಕಿಟೆಕ್ಚರ್' ಅನ್ನುವಾಗ ಒತ್ತು ಮೊದಲ 'ಆರ್' ಮೇಲೆ. ಅದೇ 'ಆರ್ಕಿಟೆಕ್ಚರಲ್' ಆದರೆ 'ಟೆಕ್' ಮೇಲೆ ಜಿಗಿಯುತ್ತದೆ. ಗೋರಿ ಇರುವ ದೊಡ್ಡ ಕಟ್ಟಡಕ್ಕೆ 'ಮಾಸಲೀಅಂ' ಅನ್ನುತ್ತಾರೆ, ಅದರಲ್ಲಿ ಒತ್ತು 'ಲೀ' ಮೇಲೆ. ಡಿಕ್ಷನರಿಯಲ್ಲಿ ಒತ್ತು ಬೀಳುವ ಭಾಗ ಶುರುವಾಗುವ ಮೊದಲು, ಮೇಲ್ಗಡೆ, ಒಂದು ಸಣ್ಣ ಗೆರೆ ಇರುತ್ತದೆ. ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಆ ಗೆರೆಯೇ. ಪದವನ್ನು ಕನ್ನಡದಲ್ಲಿ ಬರೆದು, ಒತ್ತಿನ ಭಾಗಕ್ಕೆ ಅಡಿಗೆರೆ ಎಳೆಯುತ್ತಿದ್ದೆ. ಆಮೇಲೆ ಮೊಬೈಲಿನಲ್ಲಿ ಡಿಕ್ಷನರಿಯ ದನಿ ಕೇಳಿ, ನನ್ನ ದನಿ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೆ ಒಂದು ಹಚ್ಚಿ ಕೇಳುತ್ತಿದ್ದೆ.

ಇನ್ನು ನಮ್ಮ 'ವ'. ಗುಮ್ಮಟದೊಳಗೆ ಕಟ್ಟೆಯ ಮೇಲೆ ಕಾಣುವುದು ಬರೀ ಗುರುತಿನ ಗೋರಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಆ ನೆಲಮಾಳಿಗೆ 'ವಾಲ್ಟ್', ಗೋಡೆ 'ವಾಲ್'. ಕನ್ನಡದಲ್ಲಿ ಬರೆದರೆ ಎರಡಕ್ಕೂ ಒಂದೇ 'ವ', ಇಂಗ್ಲಿಷಿನಲ್ಲಿ ಎರಡು ಬೇರೆ ದನಿ. ವಾಲ್ಟ್ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಉಜ್ಜಿಕೊಂಡು ಬರಬೇಕು. ವಾಲ್ ಅನ್ನುವಾಗ ಹಲ್ಲು ತಾಗಲೇಬಾರದು, ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತರೆ ಕಣ್ಣಿಗೇ ಕಾಣುತ್ತದೆ. ಗುಮ್ಮಟದ ಮೇಲಿನ ಪಿಸುಮಾತಿನ ಮೊಗಸಾಲೆ, ಅಂದರೆ 'ವಿಸ್ಪರಿಂಗ್ ಗ್ಯಾಲರಿ'ಗೂ ದುಂಡು ತುಟಿಯೇ. ಅಲ್ಲಿನ ಪ್ರತಿಧ್ವನಿಗೆ 'ಎಕೊ' ಅನ್ನುವಾಗ ಶುರುವಿನಲ್ಲಿ 'ಯ' ಸೇರದಂತೆ ನೋಡಿಕೊಳ್ಳಬೇಕು. ಎಮ್ಮೆಗೆ ಯಮ್ಮೆ ಅನ್ನುವ ನಾಲಿಗೆ ನಮ್ಮದು, 'ಯೆಕೊ' ಅಂತ ತಾನಾಗಿ ಹೊರಡುತ್ತದೆ.

ವಾಕ್ಯದ ವಿಷಯದಲ್ಲಿ ಒಂದೇ ಮಾತು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸಲು ಕಟ್ಟಿದ ಕಟ್ಟಡದಲ್ಲಿ, ಮ್ಯೂಸಿಯಂ ಇದೆ. ಅದನ್ನು ಹೇಳಲು 'ವಿ ಆರ್ ಹ್ಯಾವಿಂಗ್ ಎ ಮ್ಯೂಸಿಯಂ' ಬೇಡ. 'ದೇರ್ ಈಸ್ ಎ ಮ್ಯೂಸಿಯಂ' ಅಂದರೆ ಸಾಕು. ಊಟ ಮಾಡುತ್ತಿದ್ದರೆ 'ಹ್ಯಾವಿಂಗ್ ಲಂಚ್' ಸರಿ, ಇರುವ ವಸ್ತುವಿಗೆ 'ಹ್ಯಾವಿಂಗ್' ಹೊಂದುವುದಿಲ್ಲ.